ಲೆಕ್ಕ ಚುಕ್ತಾ, ಕಲಿಕೆ ಬಾಕಿ

ವಿಕಲಚೇತನ ಮಕ್ಕಳ ಓದಿಗೆಂದು ಬರುವ ಹಣ ಲೂಟಿಯಾಗುತ್ತಿದೆ ಎಂದು ನಾನು ಹೇಳುತ್ತಿಲ್ಲ. ಲೂಟಿಯೇ ಆಗಿದ್ದರೆ ಲೋಕಾಯುಕ್ತಕ್ಕೊಂದು ದೂರು ಕೊಟ್ಟು ಸುಮ್ಮನಾಗಬಹುದಿತ್ತು. ಇಲ್ಲಿ ಹಣ ನಿಯಮದ ಪ್ರಕಾರವೇ ಖರ್ಚಾಗುತ್ತದೆ. ವೋಚರ್ ಇರುತ್ತದೆ, ಫಲಾನುಭವಿಯ ಸಹಿ ಇರುತ್ತದೆ, ಮಾರ್ಚ್ 31ರೊಳಗೆ ಬಳಕೆ ಪ್ರಮಾಣಪತ್ರ ಮೇಲಕ್ಕೆ ಹೋಗಿರುತ್ತದೆ. ಇಷ್ಟಾದರೂ ಮಗು ಇದ್ದಲ್ಲೇ ಇದ್ದರೆ ತಪ್ಪು ಯಾರದು? ಅಧಿಕಾರಿಗಳನ್ನು ಬೈಯುವುದು ಸುಲಭ. ನನ್ನ ತಕರಾರು ನಿಯಮದ ಮೇಲೆಯೇ. ಹಣ ಮುಗಿಯಿತೇ ಎಂದಷ್ಟೇ ಕೇಳುವ ನಿಯಮಕ್ಕೆ, ಮಗು ಕಲಿಯಿತೇ ಎಂದು ಕೇಳುವ ಬಾಯಿ ಇಲ್ಲ.

ಸಮಗ್ರ ಶಿಕ್ಷಣ ಯೋಜನೆ 2018-19ರಲ್ಲಿ ಶುರುವಾಯಿತು. ಖರ್ಚಿನಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಅದರ ಸಮನ್ವಯ ಶಿಕ್ಷಣದ ಬಾಬತ್ತಿನಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 3,500 ರೂಪಾಯಿ; ಹೆಣ್ಣುಮಗುವಾದರೆ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನ. ವಿಶೇಷ ಶಿಕ್ಷಕರ ಸಂಬಳಕ್ಕೆ ಬೇರೆ ಲೆಕ್ಕ. 220 ಶಾಲಾ ದಿನಗಳಿಗೆ ಹಂಚಿದರೆ ಆ 3,500 ದಿನಕ್ಕೆ 16 ರೂಪಾಯಿ ಆಗುವುದಿಲ್ಲ. ತಪಾಸಣಾ ಶಿಬಿರ, ಸಾಧನ ಸಲಕರಣೆ, ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ, ಗೃಹಾಧಾರಿತ ಶಿಕ್ಷಣ ಎಲ್ಲವೂ ಇಷ್ಟರೊಳಗೇ ನಡೆಯಬೇಕು.

ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ದೇವಾಪುರದಂಥ ಊರಲ್ಲಿ ನಾಲ್ಕನೇ ತರಗತಿ ಓದುವ, ಕಿವಿ ಸರಿಯಾಗಿ ಕೇಳದ ಒಬ್ಬ ಹುಡುಗಿ ಇದ್ದಾಳೆಂದು ಇಟ್ಟುಕೊಳ್ಳಿ. ಸುರಪುರದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಶಿಬಿರ ನಡೆಯುತ್ತದೆ. ಒಂದು ದಿನದ ಕೂಲಿ ಬಿಟ್ಟು ಅವ್ವ ಕರೆದೊಯ್ಯುತ್ತಾಳೆ. ಕೆಲವು ತಿಂಗಳ ಮೇಲೆ ಶ್ರವಣ ಸಾಧನ ಕೈಸೇರುತ್ತದೆ, ವಿತರಣೆಯ ಫೋಟೊ ಬರುತ್ತದೆ. ಪ್ರೋತ್ಸಾಹಧನ ಬ್ಯಾಂಕ್ ಖಾತೆಗೆ ಬೀಳುತ್ತದೆ. ತಪಾಸಣೆ ಆಯಿತು, ಸಲಕರಣೆ ಕೊಟ್ಟಾಯಿತು, ಹಣ ಜಮೆ ಆಯಿತು. ಕಡತದಲ್ಲಿ ಈ ಮಗುವಿನ ಕೆಲಸ ಮುಗಿಯಿತು.

ಶಾಲೆಯಲ್ಲಿ ಅದು ಶುರುವೇ ಆಗಿರುವುದಿಲ್ಲ. ಸಾಧನದ ಸೆಲ್ ತೀರಿದರೆ ಹೊಸದು ಊರಿನ ಕಿರಾಣಿ ಅಂಗಡಿಯಲ್ಲಿ ಸಿಗುವುದಿಲ್ಲ. ಮಗು ಬೆಳೆದಂತೆ ಕಿವಿಯೊಳಗಿನ ಅಚ್ಚು ಬಿಗಿಯಾಗುತ್ತದೆ, ನೋಯುತ್ತದೆ. ಹುಡುಗಿ ಅದನ್ನು ತೆಗೆದು ಪಾಟಿಚೀಲದಲ್ಲಿ ಇಡುತ್ತಾಳೆ. ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ ಅಷ್ಟಿಷ್ಟೂ ಹೋಗುತ್ತದೆ. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮುಖ ಕೊಟ್ಟು ಮಾತಾಡಿ, ಹೇಳಿದ್ದನ್ನು ಬರೆದೂ ತೋರಿಸಿ ಎಂದು ಮೇಷ್ಟ್ರಿಗೆ ಕಲಿಸುವವರು ಬೇಕು. ಆ ಕೆಲಸಕ್ಕೆಂದು ಇರುವವರು ಬಿಐಇಆರ್‌ಟಿಗಳು, ಅಂದರೆ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಒಂದು ಬ್ಲಾಕ್‌ಗೆ ಅವರು ಬೆರಳೆಣಿಕೆಯಷ್ಟು. ಹುಣಸಗಿ, ವಡಗೇರಾ, ಗುರುಮಠಕಲ್ ಹೊಸ ತಾಲ್ಲೂಕುಗಳಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಜಿಲ್ಲೆ ಯಾದಗಿರಿ, ಶಹಾಪುರ, ಸುರಪುರ ಎಂಬ ಹಳೆಯ ಮೂರು ಬ್ಲಾಕ್‌ಗಳಲ್ಲೇ ನಡೆದಿದೆ. ಸುರಪುರದಿಂದ ಹೊರಟು ಕೃಷ್ಣೆಯ ದಂಡೆಯವರೆಗಿನ ಶಾಲೆಗಳನ್ನು ಸುತ್ತುವ ಒಬ್ಬ ಶಿಕ್ಷಕ ಒಂದೇ ಮಗುವಿನ ಬಳಿಗೆ ವಾರಕ್ಕೊಮ್ಮೆ ಹೇಗೆ ಬಂದಾನು? ಬಂದ ದಿನವೂ ಅರ್ಧ ಹೊತ್ತು ಮಾಹಿತಿ ತುಂಬುವುದರಲ್ಲೇ ಕಳೆಯುತ್ತದೆ.

ಇದಕ್ಕೆ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲೇ ಉತ್ತರ ಕೊಟ್ಟಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದ ತೀರ್ಪಿನ ಪ್ರಕಾರ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು. ಹುದ್ದೆ ಸೃಷ್ಟಿಸದೆ ಕುಳಿತ ರಾಜ್ಯಗಳಿಗೆ 2025ರ ಮಾರ್ಚ್‌ನಲ್ಲಿ ಕೋರ್ಟ್ ಮತ್ತೆ ಚಾಟಿ ಬೀಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಮಾಡಿ ಎಂದಿದೆ. ಕಾಯ್ದೆ, ತೀರ್ಪುಗಳಿಗೆ ಬರವಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಪೂಜಾರಿಯ ಕಷ್ಟವನ್ನೂ ಕೇಳೋಣ. ಜಿಲ್ಲೆಯ ಬೇಡಿಕೆ ವಾರ್ಷಿಕ ಕಾರ್ಯಯೋಜನೆಯಾಗಿ ಬೆಂಗಳೂರಿಗೆ, ಅಲ್ಲಿಂದ ದೆಹಲಿಯ ಯೋಜನಾ ಅನುಮೋದನಾ ಮಂಡಳಿಗೆ ಹೋಗಬೇಕು. ಮಂಜೂರಾದ ಹಣ ಕಂತಿನಲ್ಲಿ ಬರುತ್ತದೆ, ಹಿಂದಿನ ಕಂತಿನ ಲೆಕ್ಕ ಒಪ್ಪಿಸದೆ ಮುಂದಿನದು ಬಿಡುಗಡೆಯಾಗುವುದಿಲ್ಲ. ತಡವಾಗಿ ಬಂದ ಹಣವನ್ನು ಬೇಗ ಮುಗಿಸಬೇಕಾದ ಅಧಿಕಾರಿ ಏನು ಮಾಡಿಯಾನು? ಒಂದೇ ದಿನ, ಒಂದೇ ಬಿಲ್ಲಿನಲ್ಲಿ ಮುಗಿಯುವಂಥದ್ದನ್ನು ಆರಿಸಿಕೊಳ್ಳುತ್ತಾನೆ. ಶಿಬಿರ, ಕಿಟ್, ಕಾರ್ಯಾಗಾರ, ವಿಶ್ವ ವಿಕಲಚೇತನರ ದಿನದ ಓಟದ ಸ್ಪರ್ಧೆ. ವರ್ಷವಿಡೀ ವಾರಕ್ಕೆರಡು ತಾಸು ಕಲಿಸುವ ಕೆಲಸಕ್ಕೆ ಅಂಥ ಬಿಲ್ ಮಾಡಲು ಬರುವುದಿಲ್ಲ.

ಗ್ರಾಮ ಪಂಚಾಯ್ತಿಯ ಕಥೆಯೂ ಇದೇ. ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮ ರಾಜ್ಯದಲ್ಲಿದೆ. ಒಳ್ಳೆಯ ನಿಯಮ. ಆದರೆ ಮನೆ ಕರ, ನೀರಿನ ಕರವೇ ಸರಿಯಾಗಿ ವಸೂಲಾಗದ ಹಳ್ಳಿಯಲ್ಲಿ ಶೇ 5 ಎಂದರೆ ಎಷ್ಟಾದೀತು? ಬೆಂಗಳೂರಿನ ಅಂಚಿನ ಪಂಚಾಯ್ತಿಗೂ ಕೃಷ್ಣಾ ತೀರದ ಪಂಚಾಯ್ತಿಗೂ ಒಂದೇ ಶೇಕಡಾವಾರು ಹಾಕಿದರೆ, ಉಳ್ಳವರ ಊರಿನ ಮಗುವಿಗೆ ಹೆಚ್ಚು, ಇಲ್ಲದವರ ಊರಿನ ಮಗುವಿಗೆ ಕಡಿಮೆ ಎಂದಾಯಿತು. ಆ ಚಿಕ್ಕ ಮೊತ್ತವೂ ವರ್ಷದ ಕೊನೆಗೆ ಹತ್ತಾರು ಜನಕ್ಕೆ ಹಂಚಿ ಹೋಗುವುದೇ ಹೆಚ್ಚು. ಶಾಲೆಗೆ ಹೋಗುವ ಮಗುವಿನ ಪಾಲನ್ನು ಸಭೆಯಲ್ಲಿ ಕೇಳುವವರು ಯಾರು?

ಇನ್ನೊಂದು ಸಂಗತಿ ಈ ಭಾಗದ್ದೇ. ಹತ್ತಿ ಬಿಡಿಸುವ ಕಾಲಕ್ಕೆ ನಮ್ಮ ಶಾಲೆಗಳ ಹಾಜರಿ ತೆಳ್ಳಗಾಗುತ್ತದೆ. ಸುಗ್ಗಿ ಮುಗಿದರೆ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೊರಡುತ್ತವೆ. ನಡೆಯಲಾರದ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ, ಇಲ್ಲವೇ ಕಟ್ಟಡ ಕೆಲಸದ ಜಾಗದ ಶೆಡ್ಡಿಗೆ ಒಯ್ಯುತ್ತಾರೆ. ಹಣ ಮಾತ್ರ ಸುರಪುರದ ಲೆಕ್ಕದಲ್ಲೇ ಉಳಿಯುತ್ತದೆ. ಮಗುವಿನ ಹಿಂದೆ ಹೋಗಲು ಅದಕ್ಕೆ ದಾರಿಯಿಲ್ಲ.

ಹೊರಗಿನದೊಂದು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ವಿಶೇಷ ಶಿಕ್ಷಣದ ಕಾನೂನು ಬಂದದ್ದು 1975ರಲ್ಲಿ. ಅದರಡಿ ಒಕ್ಕೂಟ ಸರ್ಕಾರದ ಹಣ ಪಡೆಯುವ ಶಾಲಾ ಜಿಲ್ಲೆ ತನ್ನ ಕೈಯಿಂದ ಹಾಕುವ ಹಣವನ್ನು ಹಿಂದಿನ ವರ್ಷಕ್ಕಿಂತ ಇಳಿಸುವಂತಿಲ್ಲ. ಮಕ್ಕಳ ಸಂಖ್ಯೆ ಕಡಿಮೆಯಾದರೆ, ಹೆಚ್ಚು ಸಂಬಳದ ಶಿಕ್ಷಕರು ನಿವೃತ್ತರಾದರೆ, ದುಬಾರಿ ಆರೈಕೆ ಬೇಕಿದ್ದ ಮಗು ಊರು ಬಿಟ್ಟರೆ, ಹೀಗೆ ಕೆಲವೇ ಕಾರಣಗಳಿಗೆ ವಿನಾಯಿತಿ. ಇದರ ಜೊತೆಗೆ ಪ್ರತಿ ಮಗುವಿಗೂ ಲಿಖಿತ ಕಲಿಕಾ ಯೋಜನೆ, ಅದನ್ನು ರೂಪಿಸುವ ತಂಡದಲ್ಲಿ ಪಾಲಕರು. ಅಲ್ಲಿಯೂ ಎಲ್ಲ ಸರಿಯಿಲ್ಲ. ಹೆಚ್ಚುವರಿ ವೆಚ್ಚದ ಶೇ 40 ಕೊಡುತ್ತೇವೆಂದ ಒಕ್ಕೂಟ ಸರ್ಕಾರ ಒಂದು ವರ್ಷವೂ ಅಷ್ಟು ಕೊಟ್ಟಿಲ್ಲ. ಒಮ್ಮೆ ಖರ್ಚು ಏರಿಸಿದರೆ ಇಳಿಸಲಾಗದೆಂದು ಜಿಲ್ಲೆಗಳು ಏರಿಸಲೇ ಹಿಂಜರಿಯುತ್ತವೆ ಎಂಬ ಟೀಕೆಯೂ ಇದೆ. ಆದರೂ ಖರ್ಚಿಗೆ ಅಲ್ಲೊಂದು ಕೆಳಗಿನ ಮಿತಿ ಇದೆ. ನಮ್ಮಲ್ಲಿರುವುದು ಮೇಲಿನ ಮಿತಿ ಮಾತ್ರ, 3,500.

ನಿಯಮ ಸಡಿಲಿಸಿದರೆ ಹಣ ಸೋರುತ್ತದೆ ಎನ್ನುವವರಿದ್ದಾರೆ. ಸಡಿಲಿಸಿ ಎಂದು ನಾನೂ ಕೇಳುತ್ತಿಲ್ಲ, ಇನ್ನಷ್ಟು ಬಿಗಿ ಮಾಡಿ, ಆದರೆ ಸರಿಯಾದ ಕಡೆ ಬಿಗಿ ಮಾಡಿ ಎನ್ನುತ್ತೇನೆ. ಇಂಥ ಮಕ್ಕಳಿಗೆ ವಿಶೇಷ ಶಾಲೆಯೇ ಮೇಲು ಎನ್ನುವವರೂ ಇದ್ದಾರೆ. ಕೆಲವು ಮಕ್ಕಳಿಗೆ ಅದು ಬೇಕು, ನಿಜ. ಹಾಗೆಂದು ಊರಿನ ಶಾಲೆಯಲ್ಲೇ ಕಲಿಯಬಲ್ಲ ಮಗುವನ್ನು ದೂರದ ವಸತಿ ಶಾಲೆಗೆ ಸಾಗಹಾಕುವುದು ಶಿಕ್ಷಣವಲ್ಲ, ಜವಾಬ್ದಾರಿಯಿಂದ ನುಣುಚಿಕೊಳ್ಳುವುದು.

ಮಾಡಬೇಕಾದ್ದು ನಾಲ್ಕು ಕೆಲಸ. ಒಂದು, ಬಳಕೆ ಪ್ರಮಾಣಪತ್ರದ ಜೊತೆ ಪ್ರತಿ ಮಗುವಿಗೆ ವಿಶೇಷ ಶಿಕ್ಷಕ ಎಷ್ಟು ತಾಸು ಕಲಿಸಿದರು, ಯೋಜಿಸಿದ ಯಾವ ಕಲಿಕೆ ಸಾಧ್ಯವಾಯಿತು ಎಂಬುದೂ ಕಡ್ಡಾಯವಾಗಲಿ. ಮಗುವಿನ ಹೆಸರು ಗುಟ್ಟಾಗಿರಲಿ. ಶಾಲಾವಾರು ಮೊತ್ತ, ತಾಸುಗಳ ಲೆಕ್ಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೂ ಮಕ್ಕಳ ಗ್ರಾಮಸಭೆಗೂ ಬರಲಿ. ಎರಡು, ಸೂಕ್ತ ಕಾರಣವಿಲ್ಲದೆ ಯಾವ ಬ್ಲಾಕ್‌ನ ಖರ್ಚನ್ನೂ ಹಿಂದಿನ ವರ್ಷಕ್ಕಿಂತ ಇಳಿಸಬಾರದು. ಮೂರು, ಗುಳೆ ಹೋದ ಮಗುವಿನ ಸೌಲಭ್ಯ ಅದು ಸೇರಿದ ಶಾಲೆಗೆ ವರ್ಗವಾಗಲಿ. ರಾಜ್ಯದೊಳಗೆ ಮಗುವಿನ ಜಾಡು ಇಡುವ ಎಸ್‌ಎಟಿಎಸ್ ಸಂಖ್ಯೆ ಈಗಲೇ ಇದೆ. ನಾಲ್ಕು, ಸುಪ್ರೀಂ ಕೋರ್ಟ್ ಹೇಳಿದ ಪ್ರಮಾಣದಲ್ಲಿ ಕಾಯಂ ಹುದ್ದೆ ತುಂಬುವವರೆಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ವಿಶೇಷ ಶಿಕ್ಷಕರ ಸಂಬಳಕ್ಕೆ ಹಣ ಕೊಡಲಿ.

ನಾಲ್ಕನೆಯದಕ್ಕೆ ದುಡ್ಡಿಲ್ಲ ಎನ್ನುವಂತಿಲ್ಲ. ಸಂವಿಧಾನದ 371(ಜೆ) ವಿಧಿಯ ಹೆಸರಿನಲ್ಲಿ ಮಂಡಳಿಗೆ 2023-24ರಿಂದ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಶಾಲೆಗಳಿಗೆಂದು ಮಂಡಳಿಯ ‘ಅಕ್ಷರ ಆವಿಷ್ಕಾರ’ ಯೋಜನೆಯೂ ನಡೆದಿದೆ. 2011ರ ಜನಗಣತಿಯಲ್ಲಿ ಶೇ 51.83 ಸಾಕ್ಷರತೆಯೊಂದಿಗೆ ರಾಜ್ಯದ ಕೊನೆಯ ಜಿಲ್ಲೆ ಯಾದಗಿರಿ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಶೇ 50.59 ಫಲಿತಾಂಶದೊಂದಿಗೆ ಮತ್ತೆ ಕೊನೆಯದು. ಆ ಸ್ಥಾನದಿಂದ ಮೇಲೇಳಲು ಹೊಸ ಕೊಠಡಿ ಕಟ್ಟಿಸುವವರು, ಅದೇ ಕೊಠಡಿಯ ಹಿಂದಿನ ಸಾಲಿನಲ್ಲಿ ಕೂತ ಮಗುವಿಗೆ ಕಲಿಸುವವರನ್ನೂ ನೇಮಿಸಬೇಕು. ಕೊಠಡಿಗೆ ಟೆಂಡರ್ ಇದೆ, ಗುತ್ತಿಗೆದಾರರಿದ್ದಾರೆ, ಉದ್ಘಾಟನೆಗೆ ಶಾಸಕರು ಬರುತ್ತಾರೆ. ಶಿಕ್ಷಕರ ಹುದ್ದೆಗೆ ಇವ್ಯಾವುವೂ ಇಲ್ಲ, ಅದಕ್ಕೇ ಅದು ಕಡತದಲ್ಲಿ ಉಳಿದಿದೆ. ಮಂಡಳಿಯ ಮುಂದೆ ಹೋಗುವ ಯಾದಗಿರಿ ಜಿಲ್ಲೆಯ ಶಾಸಕರು ಈ ಹುದ್ದೆಗಳ ಪ್ರಸ್ತಾವವನ್ನು ಕೈಯಲ್ಲಿ ಹಿಡಿದೇ ಹೋಗಲಿ. ಬರಿಗೈಯಲ್ಲಿ ಹೋದವರನ್ನು ಚುನಾವಣೆಯಲ್ಲಿ ಕೇಳುವ ಹಕ್ಕು ಆ ಮಕ್ಕಳ ತಾಯಂದಿರಿಗೆ ಇದೆ.