ಹಸಿದವರ ಪಾತ್ರೆಯಲ್ಲಿ ಪರಸ್ಪರೋಪಗ್ರಹ

ಜೀವಗಳು ಒಂದಕ್ಕೊಂದು ಉಪಕಾರಿಗಳಾಗಿ ಬಾಳುತ್ತವೆ ಎಂಬುದನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಗಮನಿಸಬೇಕಾದ ಸಂಗತಿಯೆಂದರೆ, ಆ ಅಧ್ಯಾಯವು ವ್ರತ ನಿಯಮಗಳದ್ದಲ್ಲ, ದ್ರವ್ಯಗಳ ವಿವೇಚನೆಯದು. ಧರ್ಮದ್ರವ್ಯವು ಚಲನೆಗೆ, ಅಧರ್ಮದ್ರವ್ಯವು ನಿಲುವಿಗೆ, ಆಕಾಶವು ಅವಕಾಶಕ್ಕೆ ನೆರವಾಗುವಂತೆ ಜೀವವು ಜೀವಕ್ಕೆ ನೆರವಾಗುತ್ತದೆ. ಪರಸ್ಪರೋಪಗ್ರಹವು ಬರಿಯ ಉಪದೇಶವಲ್ಲ, ಜೀವದ ಕಾರ್ಯವೇ ಹೌದು. ಹಾಗಿದ್ದಲ್ಲಿ, ಜಿನವಾಣಿಯನ್ನು ಎಂದೂ ಕೇಳದವರಲ್ಲಿಯೂ ಅದು ಕಾಣಬೇಕಲ್ಲವೆ?

1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದ ಬಳಿಕ ಅಮೆರಿಕವನ್ನು ಮಹಾ ಆರ್ಥಿಕ ಕುಸಿತ ಆವರಿಸಿತು. 1933ರ ವೇಳೆಗೆ ದುಡಿಯುವವರಲ್ಲಿ ಸುಮಾರು ನಾಲ್ವರಿಗೊಬ್ಬರಂತೆ ಕೆಲಸ ಕಳೆದುಕೊಂಡಿದ್ದರು. ಲಕ್ಷಾಂತರ ಮಂದಿ ಸರಕು ರೈಲುಗಳನ್ನು ಕದ್ದು ಹತ್ತಿ, ಹಣ್ಣು ಕೀಳುವ, ಗೋಧಿ ಕೊಯ್ಯುವ ಕೂಲಿಯನ್ನು ಅರಸುತ್ತ ಊರೂರು ಅಲೆದರು. ಮನೆಗೆ ಹೊರೆಯಾಗಬಾರದೆಂದು ಹೊರಟ ಹದಿಹರೆಯದವರೂ ಅವರಲ್ಲಿದ್ದರು. ಚಕ್ರಕ್ಕೆ ಸಿಲುಕಿ ಸತ್ತವರುಂಟು. ರೈಲ್ವೆ ಕಾವಲುಗಾರರ ಲಾಠಿ ಏಟು ತಿಂದವರುಂಟು.

ಹಳಿಗಳ ಸಮೀಪದಲ್ಲಿ, ನೀರಿನ ಆಸರೆಯಿದ್ದ ಕಡೆ ಇವರು ಬಿಡಾರ ಹೂಡುತ್ತಿದ್ದರು. ಒಬ್ಬ ಆಲೂಗಡ್ಡೆ ತಂದರೆ ಇನ್ನೊಬ್ಬ ಕ್ಯಾರೆಟ್, ಮತ್ತೊಬ್ಬ ಚಿಟಿಕೆ ಉಪ್ಪು. ಎಲ್ಲವೂ ಒಂದೇ ಪಾತ್ರೆಯಲ್ಲಿ ಬೇಯುತ್ತಿತ್ತು. ಉಂಡ ಮೇಲೆ ಪಾತ್ರೆಯನ್ನು ತೊಳೆದು, ಮುಂದೆ ಬರುವ ಅಪರಿಚಿತನಿಗಾಗಿ ಅಲ್ಲಿಯೇ ಬಿಟ್ಟು ಹೋಗುವುದು ವಾಡಿಕೆ. ಆ ಪಾತ್ರೆಯಲ್ಲಿ ಮಾಂಸವೂ ಇರುತ್ತಿತ್ತು. ಶ್ರಾವಕನಿಗೆ ಅದು ವರ್ಜ್ಯ. ಆದರೆ ಹಂಚಿ ಉಣ್ಣುವ ಭಾವ ವರ್ಜ್ಯವಲ್ಲ, ವಂದ್ಯ.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. 1931ರ ಮಾರ್ಚ್‌ನಲ್ಲಿ ಅಲಬಾಮಾದಲ್ಲಿ, ಸರಕು ರೈಲೊಂದರಲ್ಲಿ ಬಿಳಿಯ ಹುಡುಗರೊಡನೆ ಜಗಳವಾದ ಬಳಿಕ ಒಂಬತ್ತು ಮಂದಿ ಕಪ್ಪುವರ್ಣದ ಹುಡುಗರನ್ನು ಬಂಧಿಸಿ, ಅವರ ಮೇಲೆ ಅತ್ಯಾಚಾರದ ಸುಳ್ಳು ಆರೋಪ ಹೊರಿಸಲಾಯಿತು. ಎಂಟು ಮಂದಿಗೆ ಮರಣದಂಡನೆ ವಿಧಿಸಲಾಯಿತು. ಅದು ಜಾರಿಯಾಗದಿದ್ದರೂ ವರ್ಷಗಟ್ಟಲೆ ಸೆರೆವಾಸ ತಪ್ಪಲಿಲ್ಲ. ಹಸಿವು ಒಂದೇ ಆದರೂ ಮಾನಕಷಾಯವು ಮನುಷ್ಯರನ್ನು ಒಡೆಯಿತು. ಕಷ್ಟವು ತಾನಾಗಿಯೇ ಯಾರನ್ನೂ ಒಂದುಗೂಡಿಸುವುದಿಲ್ಲ. ಕಷಾಯ ತೆಳುವಾದಲ್ಲಿ ಮಾತ್ರ ಜೀವದ ಸಹಜ ಉಪಕಾರಗುಣ ಬೆಳಗುತ್ತದೆ.

ಬಡವನ ಬರಿಗೈಯನ್ನು ಅಪರಿಗ್ರಹವೆಂದು ಹೊಗಳುವುದೂ ಸಲ್ಲದು. ಮುನಿಗಳು ಮಮತೆಯನ್ನು ತೊರೆದು ವಿಹಾರ ಮಾಡುತ್ತಾರೆ. ಈ ಕೂಲಿಗಳಾದರೋ ಎಲ್ಲವನ್ನೂ ಕಳೆದುಕೊಂಡು ಅಲೆದರು. ತ್ಯಾಗ ಬೇರೆ, ನಷ್ಟ ಬೇರೆ. ಅಪರಿಗ್ರಹದ ಪರೀಕ್ಷೆ ಇಲ್ಲದವನಿಗಲ್ಲ, ಇರುವವನಿಗೆ. ಅದಕ್ಕೆಂದೇ ಶ್ರಾವಕನ ಹನ್ನೆರಡು ವ್ರತಗಳಲ್ಲಿ ಪರಿಗ್ರಹ ಪರಿಮಾಣವೂ ಅತಿಥಿಸಂವಿಭಾಗವೂ ಸೇರಿವೆ. ಮೊದಲನೆಯದು ಕೂಡಿಡುವುದಕ್ಕೆ ಮಿತಿ ಹಾಕಿದರೆ, ಎರಡನೆಯದು ಹಂಚಲು ಕಲಿಸುತ್ತದೆ. ಅತಿಥಿಸಂವಿಭಾಗದಲ್ಲಿ ಪಾತ್ರದಾನಕ್ಕೆ ಅಗ್ರಸ್ಥಾನವಿದ್ದರೂ, ದೀನರಿಗೆ ಕರುಣಾದಾನವನ್ನೂ ನಮ್ಮ ಆಚಾರ್ಯರು ವಿಧಿಸಿದ್ದಾರೆ.

ಅಮೆರಿಕದ ಎಷ್ಟೋ ಗೃಹಿಣಿಯರು ತಮ್ಮ ಹಿತ್ತಿಲ ಬಾಗಿಲಿಗೆ ಬಂದ ಈ ಅಲೆಮಾರಿಗಳ ಹೆಸರು ಕೇಳದೆಯೇ ರೊಟ್ಟಿ ಕೊಟ್ಟರು. ಇಂದು ನಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿರುವ ಕೂಲಿಯವನೂ ಯಾವುದೋ ದೂರದ ಊರಿನಿಂದ ರೈಲು ಹತ್ತಿ ಬಂದವನೇ ಇರಬಹುದು. ಅವನಿಗೆ ಒಂದು ಚೊಂಬು ಸೋಸಿದ ನೀರನ್ನು ಆದರದಿಂದ ಕೊಡುವಲ್ಲಿಂದ ನಮ್ಮ ವ್ರತ ಆರಂಭವಾಗಲಿ.