ಒಂದು ಮಗು, ನಾಲ್ಕು ಕಡತ

ಮಾತು ಬಾರದ, ನಡೆಯಲಾರದ, ಪದೇ ಪದೇ ಅಪಸ್ಮಾರಕ್ಕೆ ಈಡಾಗುವ ಒಂದು ಮಗುವನ್ನು ನೆನೆಯಿರಿ. ಅದರ ಹೆಸರು ಅಂಗನವಾಡಿಯಲ್ಲೊಂದು ಕಡತದಲ್ಲಿ, ಶಾಲೆಯಲ್ಲಿ ಇನ್ನೊಂದರಲ್ಲಿ, ಜಿಲ್ಲಾಸ್ಪತ್ರೆಯಲ್ಲಿ ಮತ್ತೊಂದರಲ್ಲಿ, ವಿಕಲಚೇತನರ ಇಲಾಖೆಯಲ್ಲಿ ಮಗದೊಂದರಲ್ಲಿ. ಈ ನಾಲ್ಕರ ನಡುವೆ ಅಲೆಯುವವಳು ತಾಯಿ. ಕಂಕುಳಲ್ಲಿ ಮಗು, ಕೈಬಿಟ್ಟದ್ದು ದಿನದ ಕೂಲಿ.

ಕಾನೂನಿಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಬಹುವಿಧ ವೈಕಲ್ಯವನ್ನು ಹೆಸರಿಸಿಯೇ ಹೇಳಿದೆ. 2016ರ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ. ಇಲ್ಲದಿರುವುದು, ‘ಈ ಮಗುವಿಗೆ ನಾನು ಹೊಣೆ’ ಎನ್ನುವ ಒಬ್ಬ ಮನುಷ್ಯ.

ಪೂರ್ವಜನ್ಮದ ಫಲವೆಂದು ನಿಟ್ಟುಸಿರಿಡುವವರು ತಮ್ಮ ಇಂದಿನ ಆಲಸ್ಯಕ್ಕೆ ಮಗುವಿನ ಹಿಂದಿನ ಜನ್ಮವನ್ನು ಸಾಕ್ಷಿಗೆ ಕರೆಯುತ್ತಾರೆ. ಜಾತ್ರೆಯಲ್ಲಿ ಗಾಲಿಕುರ್ಚಿ ಹಂಚಿ ಚಿತ್ರ ತೆಗೆಸಿಕೊಳ್ಳುವ ದಾನಿಗಳನ್ನೂ ಕೇಳುತ್ತೇವೆ: ಆ ಕುರ್ಚಿ ಮಗುವಿನ ಬೆನ್ನಿಗೆ ಹೊಂದಿತೇ ಎಂದು ಬಳಿಕ ವಿಚಾರಿಸಿದ್ದುಂಟೇ? ಅಳತೆ ತಪ್ಪಿದ ಕುರ್ಚಿ ಬೆನ್ನನ್ನು ಇನ್ನಷ್ಟು ಬಾಗಿಸೀತು. ವೈದ್ಯರನ್ನು ಕೇಳದ ದಾನವು ಅಪಾಯವೇ ಸರಿ.

ಶ್ರೀಮಠದ ಪ್ರಸಾದವುಂಡು ಓದಿದವರು ಇಂದು ವೈದ್ಯರಾಗಿ, ಶಿಕ್ಷಕರಾಗಿ, ಅಧಿಕಾರಿಗಳಾಗಿ ತಾಲ್ಲೂಕು ತಾಲ್ಲೂಕುಗಳಲ್ಲಿದ್ದೀರಿ. ತಿಂಗಳಿಗೊಮ್ಮೆ ಒಂದೆಡೆ ಕುಳಿತುಕೊಳ್ಳಿರಿ. ಪ್ರತಿ ಮಗುವಿಗೂ ಒಂದೇ ಕಡತ, ಒಬ್ಬ ಹೊಣೆಗಾರ, ಮುಂದಿನ ಭೇಟಿಗೆ ಗೊತ್ತಾದ ಒಂದು ದಿನ—ಇಷ್ಟನ್ನು ಕಟ್ಟಳೆ ಮಾಡಿರಿ. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಅನ್ನವಿಕ್ಕುವುದೊಂದೇ ದಾಸೋಹವಲ್ಲ, ಆ ತಾಯಿಯ ಅಲೆದಾಟವನ್ನು ತಪ್ಪಿಸುವುದೂ ದಾಸೋಹವೇ.