ಶ್ರೇಯವೂ ಅಂಕವೂ

ಟೆನಿಸ್ ಆಟಗಾರರ ಸ್ಥಾನಮಾನವನ್ನು ನಮ್ಮ ದಿನಪತ್ರಿಕೆಗಳು ‘ಶ್ರೇಯಾಂಕ’ವೆಂದು ಕರೆಯುತ್ತವೆ. ವ್ಯಾಕರಣದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ‘ಶ್ರೇಯಸ್’ ಶಬ್ದಕ್ಕೆ ‘ಅಂಕ’ ಸೇರಿದರೆ ಸಂಸ್ಕೃತದ ಸಂಧಿನಿಯಮದಂತೆ ‘ಶ್ರೇಯೋಂಕ’ವಾಗಬೇಕು. ಸಕಾರ ಕಳೆದುಕೊಂಡ ಕನ್ನಡದ ‘ಶ್ರೇಯ’ವನ್ನು ಹಿಡಿದು ಸವರ್ಣದೀರ್ಘ ಮಾಡಿದವರನ್ನು ಕ್ಷಮಿಸಬಹುದು. ಆದರೆ ಅಂಕವಿದ್ದಲ್ಲಿ ಶ್ರೇಯಸ್ಸೂ ಇದ್ದೇ ಇರುತ್ತದೆಂಬ ಭ್ರಾಂತಿಯನ್ನು ಈ ಪದವು ಹುಟ್ಟಿಸುತ್ತದೆಯಲ್ಲ, ಅದನ್ನು ನಾನು ಒಪ್ಪಲಾರೆ.

ಪುರುಷರ ಟೆನಿಸ್ಸಿನಲ್ಲಿ 1973ರ ಆಗಸ್ಟ್ ತಿಂಗಳಿಂದ ಗಣಕಯಂತ್ರವೇ ಸ್ಥಾನಗಳನ್ನು ನಿರ್ಣಯಿಸುತ್ತ ಬಂದಿದೆ. ಮೊದಲ ಅಗ್ರಸ್ಥಾನವು ರುಮೇನಿಯದ ಇಲಿ ನಾಸ್ತಾಸೆಗೆ ದೊರೆಯಿತು. ಗಳಿಸಿದ ಅಂಕಗಳ ಆಯುಸ್ಸು 52 ವಾರಗಳು ಮಾತ್ರ. ಕಳೆದ ವರ್ಷ ಗೆದ್ದ ಪಂದ್ಯಾವಳಿಯನ್ನು ಈ ವರ್ಷವೂ ಗೆದ್ದವನು ಹೊಸದಾಗಿ ಏನನ್ನೂ ಕೂಡಿಸಿಕೊಂಡಂತಾಗುವುದಿಲ್ಲ. ಸೋತನೋ, ಇದ್ದುದೂ ಕರಗುತ್ತದೆ. ಇದರ ವಿಚಿತ್ರವನ್ನು ನೋಡಿ. 1999ರ ಜುಲೈ 4ರಂದು ವಿಂಬಲ್ಡನ್ನಿನ ಅಂತಿಮ ಪಂದ್ಯದಲ್ಲಿ ಪೀಟ್ ಸಾಂಪ್ರಾಸನು ಆಂಡ್ರೆ ಅಗಾಸಿಯನ್ನು ನೇರ ಸೆಟ್ಟುಗಳಲ್ಲಿ ಸೋಲಿಸಿ, ಅಲ್ಲಿ ಆರನೆಯ ಬಾರಿ ಪ್ರಶಸ್ತಿ ಪಡೆದನು. ಮರುದಿನ ಪ್ರಕಟವಾದ ಪಟ್ಟಿಯಲ್ಲಿ ಅಗ್ರಸ್ಥಾನವು ಸಾಂಪ್ರಾಸನ ಕೈತಪ್ಪಿ ಅಗಾಸಿಯ ಪಾಲಾಗಿತ್ತು! ಗೆದ್ದವನು 1998ರಲ್ಲಿಯೂ ಗೆದ್ದಿದ್ದನು. ಸೋತವನು ಆ ವರ್ಷ ಎರಡನೆಯ ಸುತ್ತಿನಲ್ಲಿಯೇ ನಿರ್ಗಮಿಸಿದ್ದನು. ಲೆಕ್ಕ ಸರಿಯಾಗಿಯೇ ಇದೆ. ಶ್ರೇಯಸ್ಸು ಯಾರದೆಂದು ಮಾತ್ರ ಲೆಕ್ಕವು ಹೇಳುವುದಿಲ್ಲ.

ಈ ಅಗಾಸಿಯ ಏಳುಬೀಳು ತರುಣರು ತಿಳಿಯತಕ್ಕುದಾಗಿದೆ. 1992ರಲ್ಲಿ ವಿಂಬಲ್ಡನ್ ಗೆದ್ದು, 1995ರ ಏಪ್ರಿಲಿನಲ್ಲಿ ಪ್ರಥಮ ಸ್ಥಾನಕ್ಕೇರಿ, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನ ಸುವರ್ಣಪದಕವನ್ನು ಧರಿಸಿದವನು, 1997ರ ನವೆಂಬರಿನಲ್ಲಿ 141ನೆಯ ಸ್ಥಾನಕ್ಕೆ ಕುಸಿದನು. ಮಣಿಕಟ್ಟಿನ ನೋವು ಒಂದು ಕಾರಣ. ಇನ್ನೊಂದನ್ನು ಅವನೇ 2009ರಲ್ಲಿ ತನ್ನ ಆತ್ಮಕಥೆಯಲ್ಲಿ ಬಯಲು ಮಾಡಿದನು: ತಾನು ಆ ವರ್ಷ ಮಾದಕದ್ರವ್ಯವನ್ನು ಸೇವಿಸಿದ್ದೆ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ ಸುಳ್ಳು ಹೇಳಿ ಪಾರಾದೆ, ಬಾಲ್ಯದಿಂದಲೂ ಟೆನಿಸನ್ನು ದ್ವೇಷಿಸುತ್ತಿದ್ದೆ ಎಂದು. ವಿದ್ಯಾರ್ಥಿಗಳ ಕೈಸೇರುವ ಸಂಪುಟದಲ್ಲಿ ಇದನ್ನು ಬಿಟ್ಟು ಬರೆಯಬಾರದೆ ಎಂದು ಕೇಳುವವರಿರಬಹುದು. ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಆ ಸುಳ್ಳು ಸುಳ್ಳೇ. ಅನಂತರದ ಯಾವ ಗೆಲವೂ ಅದನ್ನು ತೊಳೆಯದು.

ಪತನದ ತಳದಲ್ಲಿ ನಿಂತು ಅವನು ಮಾಡಿದ್ದೇನು? ‘ಚಾಲೆಂಜರ್’ ಎಂಬ ಕೆಳದರ್ಜೆಯ ಪಂದ್ಯಾವಳಿಗಳಿಗೆ ಹೋದನು. ಹೆಸರು ಮಾಡದ ಹುಡುಗರು ಅಲ್ಪ ಬಹುಮಾನಕ್ಕಾಗಿ ಸೆಣಸುವ ಕಣ ಅದು. ಹುಟ್ಟೂರಾದ ಲಾಸ್ ವೇಗಾಸಿನಲ್ಲಿಯೇ, ಬಲ್ಲವರೆಲ್ಲರ ಕಣ್ಣೆದುರಿಗೆ, ಅಂತಿಮ ಪಂದ್ಯದಲ್ಲಿ ಸೋತನು. ಅಲ್ಲಿಂದ ಬರ್ಬ್ಯಾಂಕಿಗೆ ಹೋಗಿ ಗೆದ್ದನು. ಚಕ್ರವರ್ತಿಯಾಗಿದ್ದವನು ಪುನಃ ಅಕ್ಷರಾಭ್ಯಾಸಕ್ಕೆ ಕುಳಿತಂತೆ! ವಿಂಬಲ್ಡನ್ ಬಟ್ಟಲಿಗಿಂತ ಬರ್ಬ್ಯಾಂಕಿನ ಆ ಗೆಲವೇ ನನಗೆ ದೊಡ್ಡದಾಗಿ ಕಾಣುತ್ತದೆ. ಉಪನಿಷತ್ತು ಪ್ರೇಯಸ್ಸನ್ನೂ ಶ್ರೇಯಸ್ಸನ್ನೂ ಬೇರ್ಪಡಿಸಿತಷ್ಟೆ. ಪ್ರಿಯವೇ ಅಲ್ಲದ ಆಟವು ಆ ವಾರ ಅವನಿಗೆ ಶ್ರೇಯಸ್ಕರವಾಯಿತು. 1998ರ ಕೊನೆಗೆ ಅವನು 6ನೆಯವನು.

1999ರ ಜೂನ್‌ನಲ್ಲಿ ಪ್ಯಾರಿಸ್ಸಿನ ಫ್ರೆಂಚ್ ಓಪನ್ ಅಂತಿಮ ಪಂದ್ಯ. 1-6, 2-6ರಿಂದ ಮೊದಲೆರಡು ಸೆಟ್ಟುಗಳನ್ನು ಕಳೆದುಕೊಂಡ ಅಗಾಸಿ, ಉಳಿದ ಮೂರನ್ನು 6-4, 6-3, 6-4ರಿಂದ ಗೆದ್ದು ನಾಲ್ಕು ಮಹಾಪಂದ್ಯಾವಳಿಗಳನ್ನೂ ಪೂರೈಸಿದನು. ಜಗತ್ತು ಅವನನ್ನು ಕೊಂಡಾಡಿತು, ನ್ಯಾಯವೇ. ಆದರೆ ಜಾಲದ ಆಚೆ ನಿಂತಿದ್ದವನು ಯಾರೆಂದು ನಮ್ಮ ಹುಡುಗರನ್ನು ಕೇಳಿ ನೋಡಿ, ಉತ್ತರ ಬಾರದು. ಅವನು ಯುಕ್ರೇನಿನ ಆಂಡ್ರೆ ಮೆಡ್ವೆಡೆವ್. 1994ರಲ್ಲಿ ಜಗತ್ತಿನ ನಾಲ್ಕನೆಯವನಾಗಿದ್ದು ಅಂದು ನೂರನೆಯವನಾಗಿದ್ದನು. ಅವನೂ ತಳದಿಂದಲೇ ಎದ್ದು ಅಲ್ಲಿಯವರೆಗೆ ಬಂದಿದ್ದನು. ಅಂಥ ಅಂತಿಮ ಪಂದ್ಯ ಅವನಿಗೆ ಮತ್ತೆ ದೊರೆಯಲಿಲ್ಲ. 2001ರಲ್ಲಿ ಆಟದಿಂದ ನಿವೃತ್ತನಾದನು.